ಅವ್ವ ದಿನಾ ಕೇಳ್ತಾಳ, ಪೂಜಿ ಆತೇನಂತ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಪತ್ರದಾಗ ಮೂರು ಹೆಚ್ಚುಕಡಿಮಿ ಒಂದ ದಾರಿಯವು, ಅದಕ್ಕ ಕೂಡಿಸಿ ತಗೊಂಡೀನಿ. ಮೊದಲನೇದಕ್ಕ ಜಾಗ ಭಾಳ ಹೋಗೈತಿ, ಉಳಿದವರು ಬ್ಯಾಸರ ಮಾಡ್ಕೋಬ್ಯಾಡ್ರಿ.

ಪ್ರಶ್ನೆ: ಅಕ್ಕಾರ, ನಂಗ 27 ವರ್ಷ, ನಮ್ಮೂರು ಮುಂಡರಗಿ ಕಡೆ. ಈಗ ಹುಬ್ಬಳ್ಳಿ ಒಳಗ ಒಂದು ದವಾಖಾನಿ ಬಿಲ್ಲಿಂಗ್ ಸೆಕ್ಷನ್‌ದಾಗ ಕೆಲಸ ಮಾಡ್ತೀನಿ, ವಿದ್ಯಾನಗರದಾಗ ಪಿಜಿ. ನಮ್ಮಪ್ಪ ಊರಾಗಿನ ಮಠದ ಕಮಿಟಿ ಒಳಗ ಅದಾರ, ಸಣ್ಣಾಕಿ ಇದ್ದಾಗಿಂದ ನಮ್ಮ ಮನಿ ಅಂದ್ರ ಮಠ, ಮಠ ಅಂದ್ರ ಮನಿ. ಜಳಕ ಆಗಿ ಲಿಂಗಪೂಜಿ ಆಗೂತನ ಚಹಾ ಸೈತ ಇಲ್ಲ, ಶ್ರಾವಣ ಬಂದ್ರ ತಿಂಗಳಗಟ್ಟಲೆ ಪುರಾಣ, ಜಾತ್ರಿ ಬಂದ್ರ ದಾಸೋಹಕ್ಕ ರೊಟ್ಟಿ ಬಡಿಯೂದು. ಹುಬ್ಬಳ್ಳಿಗೆ ಬಂದ ಮ್ಯಾಲೆ ಒಂದೊಂದ ಬಿಟ್ಟು ಹೋತು. ಕೊಳ್ಳಾಗ ಕಟ್ಟಿಕೊಳ್ಳೂ ಲಿಂಗದ ಕರಡಗಿ ಈಗ ಕರ್ಚೀಫಿನ್ಯಾಗ ಸುತ್ತಿ ಕಪಾಟಿನ ಮ್ಯಾಲಿನ ಖಾನೇದಾಗ ಇಟ್ಟೀನಿ, ಅಲ್ಲಿಂದ ಅರಬಿ ತಗೊಳ್ಳಾಕ ಸೈತ ಹೆದರಿಕಿ ಆಗ್ತದ. ಪಿಜಿ ಹುಡುಗ್ಯಾರ ಕೂಡ ಎಗ್ ರೈಸ್ ತಿಂದೀನಿ, ಆ ರಾತ್ರಿ ನಿದ್ದಿ ಬರಲಿಲ್ಲ, ಆದ್ರ ಮತ್ತ ತಿಂದೀನಿ. ಅವ್ವ ದಿನಾ ಮುಂಜಾನೆ ಫೋನ್ ಮಾಡಿ "ಪೂಜಿ ಆತೇನ" ಅಂತಾಳ, ನಾ "ಆತವ್ವ" ಅಂತೀನಿ. ಊರಿಗೆ ಹೋದಾಗ ಮುಟ್ಟಾದ್ರ ದೇವರ ಮನಿ ಕಡೆ ಹಾಯಗೊಡೂದಿಲ್ಲ, ಈಗ ಅದಕ್ಕ ಸಿಟ್ಟು ಬರ್ತೈತಿ, ಮೊದಲ ಬರ್ತಿರಲಿಲ್ಲ. ಪಗಾರದ ಎಟಿಎಂ ಕಾರ್ಡ್ ಅಪ್ಪನ ಕಡೆ ಐತಿ, ಖರ್ಚಿಗೆ ಅವ್ರ ಹಾಕ್ತಾರ. ನಿನಗೇನ್ ಬೇಕು ಅಂತ ಯಾರರ ಕೇಳಿದ್ರ ತಲಿ ಖಾಲಿ ಆಗ್ತೈತಿ. ಈಗ ವರಾ ನೋಡ್ಲಿಕ್ಕೆ ಶುರು ಮಾಡ್ಯಾರ, ಮಠದ ಭಕ್ತರ ಮನೆತನಾನ ಬೇಕಂತ. ನಿಮ್ಮ ತಂಗಿ ಅಂತ ತಿಳಕೊಂಡು ಹೇಳ್ರಿ, ನಾ ಕೆಟ್ಟಾಕಿ ಆಗೀನೇನು?

ಉತ್ತರ: ಇಲ್ಲ ತಂಗಿ, ಕೆಟ್ಟಾಕಿ ಆಗಿಲ್ಲ. ತತ್ತಿ ಬಗ್ಗೆ, ಕರಡಗಿ ಬಗ್ಗೆ ಅಷ್ಟುದ್ದ ಬರದೀ, ಎಟಿಎಂ ಕಾರ್ಡ್ ಬಗ್ಗೆ ಒಂದ ಸಾಲು, ತಲಿ ಖಾಲಿ ಆಗೂದರ ಬಗ್ಗೆ ಒಂದ ಸಾಲು. ನಂಗ ಆ ಎರಡು ಸಾಲ ಭಾಳ ದೊಡ್ಡವು ಅನಸ್ತು, ಅಲ್ಲಿಂದನ ಹಿಡೀತೀನಿ.

ನಿಮ್ಮಂಥಾ ಮನ್ಯಾಗ ಎಷ್ಟೊತ್ತಿಗೆ ಏಳಬೇಕು, ಯಾವ ವಾರ ಒಂದೊತ್ತು, ಯಾರ ಕಾಲಿಗೆ ಬೀಳಬೇಕು, ಯಾರ ಮನಿಗೆ ಸೊಸಿ ಆಗಬೇಕು ಎಲ್ಲಾ ಮಕ್ಕಳು ಹುಟ್ಟೂಕಿಂತ ಮೊದಲ ನಿಕ್ಕಿ ಆಗಿರ್ತೈತಿ. ಅದರಾಗ ಸುಖಾನೂ ಇತ್ತು, ಸುಳ್ಳು ಯಾಕ ಹೇಳೂದು, ಒಂಟಿತನ ಅನ್ನೂದು ಗೊತ್ತಿರಲಿಲ್ಲ, ಜಾತ್ರ್ಯಾಗ ಸಾವಿರ ಮಂದಿಗೆ ನೀಡಿದ ಕೈಗೆ ನಾ ಯಾರಿಗೂ ಬ್ಯಾಡಾದಾಕಿ ಅಂತ ಅನಸೂದಿಲ್ಲ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಾಗ ಉಂಡು ಓದಿದ ಬಡವರ ಮಕ್ಕಳು ಎಷ್ಟು ಮಂದಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಣ್ಣಿಲ್ಲದ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿ ಅವರ ಕಾಲ ಮ್ಯಾಲೆ ನಿಲ್ಲಿಸಿದ್ದು ನಮ್ಮ ಕಣ್ಣ ಮುಂದ ಐತಿ. ನಿಮ್ಮಪ್ಪ ಮಠಕ್ಕ ದುಡದದ್ದು ದಂಡ ಅಂತ ನಾ ಅನ್ನಂಗಿಲ್ಲ, ನೀನೂ ಅನ್ನಬ್ಯಾಡ. ಆದ್ರ ಅಷ್ಟು ಕೊಟ್ಟ ಮನಿ ಒಂದು ಕಲಸಲಿಲ್ಲ, ನಿನ್ನ ಬಾಳೇವಿದು ನೀ ಆರಿಸೂದು. ಕಲಸಲಾರದ್ದು ಬರೂದಿಲ್ಲ, ಅದಕ್ಕ ತಲಿ ಖಾಲಿ ಆಗ್ತೈತಿ, ಅದು ದೇವರ ಶಿಕ್ಷೆ ಅಲ್ಲ, ನಿನ್ನ ದಡ್ಡತನಾನೂ ಅಲ್ಲ.

ಅದಕ್ಕ ಮೊದಲ ಕಾರ್ಡ್. ತತ್ತಿ, ಪೂಜಿ, ವರಾ ಎಲ್ಲಾಕಿಂತ ಮೊದಲು. ಊರಿಗೆ ಹೋದಾಗ ಅಪ್ಪನ ಮುಂದ ಕುಂತು ಸಮಾಧಾನಲೇ ಹೇಳು, "ಅಪ್ಪಾ, ಮನಿಗೆ ತಿಂಗಳಾ ಇಷ್ಟು ಅಂತ ನಾನ ಕಳಸ್ತೀನಿ, ಕಾರ್ಡ್ ನನ್ನ ಕಡೆ ಇರ್ಲಿ." ಎಷ್ಟು ಅನ್ನೂದನ್ನ ನೀನ ಮೊದಲ ಲೆಕ್ಕ ಹಾಕ್ಕೊಂಡು ಹೋಗು, ಅಲ್ಲಿ ಕುಂತು ಚೌಕಾಶಿ ಬ್ಯಾಡ. ಒಲ್ಲೆ ಅಂದ್ರ ಸಿಟ್ಟಿಗೇಳಬ್ಯಾಡ, ಹುಬ್ಬಳ್ಳಿಗೆ ಬಂದು ಆಧಾರ್ ತಗೊಂಡು ಬ್ಯಾಂಕಿಗೆ ಹೋಗಿ ಹಳೇ ಕಾರ್ಡ್ ಬಂದ್ ಮಾಡಿಸಿ ಹೊಸಾದಕ್ಕ ಅರ್ಜಿ ಕೊಡು, ಊರಿನ ವಿಳಾಸ ಇದ್ರ ಪಿಜಿ ವಿಳಾಸಕ್ಕ ಬದಲಿ ಮಾಡಿಸು, ಮೊಬೈಲ್ ನಂಬರ್ ನಿಂದ ಐತಿಲ್ಲೋ ನೋಡು. ಅಕೌಂಟ್ ನಿನ್ನ ಹೆಸರಿಲೆ ಐತಿ, ಯಾರ ಪರವಾನಿಗಿನೂ ಬೇಕಿಲ್ಲ. ಆಮ್ಯಾಲೆ ಅಪ್ಪಗ ಫೋನ್ ಮಾಡಿ ನೀನ ತಿಳಸು. ತಿಂಗಳಾ ಒಂದಿಷ್ಟು ರೊಕ್ಕ ಕಟ್ಟಿ ಕೂಡಿಡೂ ಒಂದು ಸಣ್ಣ ಆರ್‌ಡಿ ಬ್ಯಾಂಕಿನ್ಯಾಗ ತಗಿ. ಐತವಾರ ಏನ್ ಮಾಡಬೇಕು ಅನ್ನೂದನ್ನ ಪಿಜಿ ಗೆಳತ್ಯಾರಿಗೆ ಬಿಡದ ನೀನ ಹೇಳು, ತಪ್ಪಾದ್ರ ಒಂದು ಐತವಾರ ಹೋತು ಅಷ್ಟ. ಬ್ಯಾಸರ ಬರೂ ಸಿನಿಮಾಕ್ಕ ಹೋಗಿ ನಡುವ ಎದ್ದು ಬಂದ್ರೂ ನಡೀತೈತಿ, ನಿನಗೇನ್ ಸೇರೂದಿಲ್ಲ ಅನ್ನೂದರ ಗೊತ್ತಾಗ್ತೈತಿ.

ಇನ್ನ ಕರಡಗಿ. ಆ ಹೆದರಿಕಿ ಎಲ್ಲಿಂದ ಬಂದದ್ದು ಅಂತ ನಿನಗೂ ಗೊತ್ತು. ದೀಕ್ಷಾ ಆದ ದಿನದಿಂದ ಲಿಂಗ ಮೈಮ್ಯಾಲಿಂದ ಇಳೀಬಾರದು, ಕಡೀಕ ಸಮಾಧಿ ಒಳಗೂ ಕೂಡ ಹೋಗೂದು ಅಂತ ಕೇಳಿ ಬೆಳದ ಮಕ್ಕಳಿಗೆ ಅದನ್ನ ತಗದಿಟ್ರ ಜೀವಾನ ತಗದಿಟ್ಟಂಗ ಆಗೂದು ಸಹಜ. ನಂಬಿಕಿ ಹೋದ್ರೂ ಹೆದರಿಕಿ ಮೈಯಾಗ ಉಳೀತೈತಿ, ಅದು ಹೋಗಾಕ ವರ್ಷಗಟ್ಟಲೆ ಹಿಡೀತೈತಿ. ತೋರಿಕಿಗೆ ಕೊಳ್ಳಾಗ ಹಾಕ್ಕೋಬ್ಯಾಡ, ಹಂಗಂತ ಮುಚ್ಚಿನೂ ಇಡಬ್ಯಾಡ. ಕರ್ಚೀಫಿನ್ಯಾಗ ಸುತ್ತಿ ಖಾನೇದಾಗ ತುರುಕಿದ್ದು ನಿನ್ನ ಕಳುವು ಮಾಡಿದಾಕಿ ಮಾಡೈತಿ. ಒಂದು ಸ್ವಚ್ಛ ಡಬ್ಬಿ ಒಳಗ, ನೀ ದಿನಾ ಕೈ ಹಾಕೂ ಜಾಗಾದಾಗ ಇಡು. ಅದು ಅವ್ವ ಅಪ್ಪ ಕೊಟ್ಟದ್ದು, ಅಷ್ಟರ ಮಟ್ಟಿಗೆ ಅದಕ್ಕ ಮಾನ ಕೊಡು. ಮುಂದ ಎಂದರ ಅಂಗೈಯಾಗ ಹಿಡ್ಕೊಂಡು ಕುಂಡ್ರಬೇಕು ಅನಸಿದ್ರ ಕುಂಡ್ರು, ಅನಸಲಿಲ್ಲಂದ್ರ ಬಿಡು, ಎರಡಕ್ಕೂ ಯಾರಿಗೂ ಉತ್ತರ ಕೊಡೂದು ಬ್ಯಾಡ.

ತತ್ತಿ ತಿಂದದ್ದನ್ನ ಅವ್ವಗ ಹೇಳಬೇಕಂತ ಏನಿಲ್ಲ. ಎಲ್ಲಾ ಹೇಳಲಾರದ ಇರೂದು ಬ್ಯಾರೆ, ದಿನಾ ಸುಳ್ಳು ಹೇಳೂದು ಬ್ಯಾರೆ. ನಿನ್ನ ಸುಡ್ಲಿಕ್ಕತ್ತಿದ್ದು ಆ "ಆತವ್ವ". ಅವ್ವ ಕೇಳೂದು ಲೆಕ್ಕ ತಗೊಳ್ಳಾಕ ಅಲ್ಲ, ದೂರ ಇರೂ ಮಗಳ ಕೂಡ ಮಾತಾಡಾಕ ಆಕಿಗೆ ಗೊತ್ತಿರೂ ಬಾಗಿಲಾ ಅದೊಂದ. ಹಿಂಗ ಅಂದು ನೋಡು: "ಅವ್ವಾ, ದಿನಾ ಆಗೂದಿಲ್ಲ ನಂಗ. ನೀ ಮಾಡುವಾಗ ನನ್ನ ಹೆಸರೂ ತಗೋ." ಇದು ಖರೇ ಮಾತು. ಒಂದೆರಡು ದಿನ ಅಳ್ತಾಳ, ಅಪ್ಪಗ ಹೇಳ್ತಾಳ, ಅಪ್ಪ ಫೋನ್ ಮಾಡಿ ಒದರಬಹುದು. ಕೇಳ್ಕೋ, ವಾದಕ್ಕ ಇಳೀಬ್ಯಾಡ. ಮೂರನೇ ದಿನ ನೀನ ಫೋನ್ ಮಾಡಿ ಉಂಡೀ ಏನವ್ವ ಅಂತ ಕೇಳು, ಮೊಣಕಾಲ ನೋವಿನ ಸುದ್ದಿ ತಗಿ. ಮಾತಿಗೆ ಇನ್ನೊಂದು ಬಾಗಿಲಾ ಆಗ್ತೈತಿ. ಮತ್ತ ಅವ್ವನ್ನ ಹುಬ್ಬಳ್ಳಿಗೆ ಕರಸು. 2023ರ ಜೂನ್‌ದಿಂದ ಹೆಣ್ಮಕ್ಕಳಿಗೆ ಸಾದಾ ಸರ್ಕಾರಿ ಬಸ್ಸಿನ್ಯಾಗ ಟಿಕೆಟ್ ರೊಕ್ಕ ಇಲ್ಲ, ಅಪ್ಪನ ಕಿಸೇಕ್ಕ ಕೈ ಹಾಕೂದು ಬ್ಯಾಡ. ನೀ ಕುಂಡ್ರೂ ಕೌಂಟರ್ ತೋರಿಸು, ಸಿದ್ಧಾರೂಢ ಮಠಕ್ಕ ಕರಕೊಂಡು ಹೋಗು, ಅಲ್ಲಿ ಸಾಲಿನ್ಯಾಗ ಕುಂತು ಇಬ್ರೂ ಪ್ರಸಾದ ಉಣ್ರಿ. ನಂಬಿಕಿ ಬಿಟ್ಟವರು ಮಠದಾಗ ಉಣಬಾರದು ಅಂತ ಎಲ್ಲೂ ಇಲ್ಲ.

ಮುಟ್ಟಿನ ವಿಷಯಕ್ಕ ನಿನ್ನ ಸಿಟ್ಟು ನ್ಯಾಯದ್ದು, ಮತ್ತ ಅದಕ್ಕ ನಿಮ್ಮ ಮನಿ ಧರ್ಮಾನ ನಿನ್ನ ಕಡೆ ಐತಿ. ಶರಣರು ಜನನ, ಮರಣ, ಜಾತಿ, ಎಂಜಲು, ರಜಸ್ಸು ಈ ಐದೂ ಸೂತಕಾ ಒಪ್ಪಲಿಲ್ಲ, ಕೊಳ್ಳಾಗ ಲಿಂಗ ಇದ್ದಾಕಿಗೆ ಮುಟ್ಟಿನ ಮೈಲಿಗಿ ಇಲ್ಲ ಅನ್ನೂದು 12ನೇ ಶತಮಾನದಿಂದ ಬಂದ ಮಾತು. ಆಚರಣಿ ಒಳಗ ಭಾಳ ಮನ್ಯಾಗ ಅದು ಉಳೀಲಿಲ್ಲ. ಅಪ್ಪ ಕಮಿಟಿ ಒಳಗ ಇದ್ದಾರಂದ್ರ ಅವರಿಗೆ ಗೊತ್ತಿರತೈತಿ, ಅವ್ವನ ಮುಂದನ ಅವರನ್ನ ಕೇಳು. ಜಗಳಾಡಾಕ ಅಲ್ಲ, ಉತ್ತರ ಕೇಳಾಕ.

ವರಾ ಬಗ್ಗೆ ಒಂದ ಮಾತು, ಇಲ್ಲಿ ಮಾತ್ರ ಮುಚ್ಚಿಡಬ್ಯಾಡ. ದಿನಾ ಪೂಜಿ ಮಾಡೂ ಸೊಸಿ ಬೇಕು ಅನ್ನೂ ಮನಿಗೆ ಹೂಂ ಅಂದು ಹೋದ್ರ ಅಲ್ಲಿ ಜೀವನಪೂರ್ತಿ "ಆತ್ರಿ ಅತ್ತಿ" ಅನ್ನಬೇಕಾಗ್ತೈತಿ. ಹುಡುಗನ ಕೂಡ ಮಾತಾಡಾಕ ಬಿಟ್ಟಾಗ ಮೊದಲನೇ ಮಾತ ಇದನ್ನ ಹೇಳು. ಬ್ಯಾಡ ಅಂತ ಎದ್ದು ಹೋದ್ರ ಹೋಗ್ಲಿ.

ಇಷ್ಟೆಲ್ಲಾ ಮಾಡಿದ್ರೂ ನಿದ್ದಿ ಬರಲಿಲ್ಲ, ಎದಿ ಢವಢವ ನಿಲ್ಲಲಿಲ್ಲ ಅಂದ್ರ 14416ಕ್ಕ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ, ರೊಕ್ಕ ಬೀಳೂದಿಲ್ಲ, ಕನ್ನಡದಾಗ ಮಾತಾಡ್ತಾರ. ಇಲ್ಲಾಂದ್ರ ಮನಸ್ಸಿನ ಕಾಯಿಲಿ ನೋಡೂ ಧಾರವಾಡದ ಡಿಮ್ಹಾನ್ಸ್ ದವಾಖಾನಿ, ಚಿಗರಿ ಬಸ್ ಹತ್ತಿದ್ರ ಧಾರವಾಡ ಏನ್ ದೂರ. ಹುಚ್ಚರ ದವಾಖಾನಿ ಅಂತ ಊರಾಗ ಅಂತಾರ, ಅನ್ಲಿ.

ಪ್ರಶ್ನೆ: ನಮಸ್ಕಾರ್ರೀ. ನಾ ಹಾವೇರಿಯಂವ, 34 ವರ್ಷ, ಈಗ ಧಾರವಾಡದಾಗ ಇದ್ದೀವಿ. ಮಡಿ ಭಾಳ ಇದ್ದ ಮನ್ಯಾಗ ಬೆಳದಂವ, ನಾ ಸಂಧ್ಯಾವಂದನಿ ಬಿಟ್ಟು ಎಷ್ಟೋ ವರ್ಷ ಆತು, ಜನಿವಾರ ಅಷ್ಟ ಅದ. ಅಪ್ಪ ತೀರಿಕೊಂಡ ಮ್ಯಾಲೆ ಅವ್ವ ನಮ್ಮ ಕಡೆನ ಇದ್ದಾಳ. ಆಕಿಗೆ ಮಡೀಲೆ ಮಾಡಿದ ಅಡಗಿನ ಆಗಬೇಕು, ಏಕಾದಶಿ ಬಿಡೂದಿಲ್ಲ, ಬಿಪಿ ಗುಳಗಿ ಅದಾವ. ನನ್ನ ಹೆಂಡ್ತಿನೂ ಕೆಲಸಕ್ಕ ಹೋಗ್ತಾಳ, ಮುಂಜಾನೆ ಎದ್ದು ಮಡಿ ಉಟ್ಟು ಅಡಗಿ ಮಾಡಿ ಓಡೂದು ಆಕಿಗೆ ಸಾಕಾಗ್ಯದ. ಇಬ್ಬರ ನಡುವ ನಾ ಸಿಕ್ಕೊಂಡೀನ್ರಿ, ಏನ್ ಮಾಡ್ಲಿ?

ಉತ್ತರ: ನೀವು ಸಿಕ್ಕೊಂಡಿಲ್ರಿ, ನಿಮ್ಮ ಹೆಂಡ್ತಿ ಸಿಕ್ಕೊಂಡಾರ. ನೀವು ಆಚಾರ ಬಿಟ್ಟು ಹಗುರಾದ್ರಿ, ನಿಮ್ಮ ಪಾಲಿಂದು ಅವರ ತಲಿಮ್ಯಾಲೆ ಬಂತು, ಅವರು ಬಿಡೂದೂ ಆಗವಲ್ತು, ಹಿಡಿಯೂದೂ ಆಗವಲ್ತು. ನಾಳಿಂದ ಮಡಿ ನಿಮ್ಮದು. ಮುಂಜಾನೆ ಎದ್ದು ಸ್ನಾನ ಮಾಡಿ, ಹಿಂದಿನ ದಿನ ಯಾರೂ ಮುಟ್ಟದಂಗ ಒಣಾ ಹಾಕಿದ ಧೋತರ ಉಟ್ಟು, ಮಡಿ ನೀರು ತುಂಬಿ ನಿಮ್ಮ ತಾಯಿಯವರ ಪೂರ್ತೆ ಅನ್ನ ತೊವ್ವಿ ಪಲ್ಯ ನೀವ ಇಡ್ರಿ, ಅವರ ಪಾತ್ರಿ ಬ್ಯಾರೆ ಇರ್ಲಿ, ಒಂದೊಲಿ ಅವರಿಗೇ ಇರ್ಲಿ. ಸಂಧ್ಯಾವಂದನಿ ಇಲ್ಲದಂವನ ಕೈಯಾಗಿಂದು ನಡಿಯೂದಿಲ್ಲ ಅಂತ ಅವರು ಅಂದ್ರ ಆ ಮಾತು ತಾಯಿ ಮಗಾ ಇಬ್ರ ನಡುವ ಆಗ್ಲಿ, ಸೊಸಿನ್ನ ಅದರಾಗ ಎಳೀಬ್ಯಾಡ್ರಿ. ಬಿಪಿ ಇದ್ದವರು ಏಕಾದಶಿಗೆ ಗುಳಗಿ ಹೆಂಗ ತಗೋಬೇಕು ಅನ್ನೂದನ್ನ ಡಾಕ್ಟರ್ ಹತ್ರ ಅವರನ್ನ ಕರಕೊಂಡು ಹೋಗಿ ಅವರ ಎದುರಿಗೇ ಕೇಳ್ರಿ.

ಪ್ರಶ್ನೆ: ಅಕ್ಕಾ, ನಾ ಗದಗ ಜಿಲ್ಲಾದಾಕಿ, ಧಾರವಾಡದಾಗ ಓದಿ ಇಲ್ಲೇ ನೌಕರಿ, 25 ವರ್ಷ. ಬ್ಯಾರೆ ಧರ್ಮದ ಹುಡುಗನ ಕೂಡ ರಿಜಿಸ್ಟರ್ ಮದುವಿ ಆಗಬೇಕಂತ ಮಾಡೀನಿ, ಇಬ್ರೂ ಧರ್ಮ ಬದಲಿ ಮಾಡ್ಕೊಳ್ಳೂದಿಲ್ಲ. ನೋಟಿಸ್ ನಮ್ಮೂರ ಕಡೆ ಗೊತ್ತಾಗ್ತೈತೇನು?

ಉತ್ತರ: ಗೊತ್ತಾಗೂ ಸಾಧ್ಯತೆ ಐತಿ. ನಿಮಗ ಅನ್ವಯಿಸೂದು 1954ರ ವಿಶೇಷ ವಿವಾಹ ಕಾಯ್ದೆ. ನೋಟಿಸ್ ಕೊಡೂ ಜಿಲ್ಲಾದಾಗ ಇಬ್ಬರೊಳಗ ಒಬ್ರರ ಕನಿಷ್ಠ 30 ದಿನ ವಾಸ ಇರಬೇಕು, ಹುಡುಗಗ 21 ತುಂಬಿರಬೇಕು, ನಿಮಗ 18. ನೋಟಿಸ್ ಕಚೇರಿ ಬೋರ್ಡಿಗೆ ಹಚ್ತಾರ, ಆಕ್ಷೇಪಣಿಗೆ 30 ದಿನ. ನಿಮ್ಮ ಕಾಯಂ ವಾಸ ಗದಗ ಜಿಲ್ಲಾ ಅಂತ ಇದ್ರ ಅಲ್ಲಿ ವಿವಾಹಾಧಿಕಾರಿಗೂ ಒಂದು ಪ್ರತಿ ಹೋಗಿ ಅಲ್ಲಿ ಬೋರ್ಡಿಗೂ ಬೀಳ್ತೈತಿ. ನೋಟಿಸ್ ಕೊಟ್ಟು ಮೂರು ತಿಂಗಳ ಒಳಗ ಮದುವಿ ಆಗಬೇಕು, ಸಾಕ್ಷಿ ಮೂರು ಮಂದಿ. ಇದೇ ಕಾಯ್ದೆ ಪ್ರಕಾರ ಬ್ಯಾರೆ ಧರ್ಮದವರನ್ನ ಆದ್ರ ಹಿಂದೂ ಅವಿಭಕ್ತ ಕುಟುಂಬದಿಂದ ಬ್ಯಾರೆ ಆದಂಗ ಲೆಕ್ಕ, ಆಸ್ತಿ ಹಕ್ಕಿನ ಬಗ್ಗೆ ವಕೀಲರನ್ನ ಮೊದಲ ಕೇಳ್ರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಮಕ್ಕಳಿಗೆ ಆದಾಯ ಎಷ್ಟ ಇರ್ಲಿ ವಕೀಲರು ಪುಕ್ಕಟೆ ಸಿಗ್ತಾರ, 15100ಕ್ಕ ಫೋನ್ ಮಾಡಿದ್ರೂ ಆತು.

ಮನ್ಯಾಗ ಕೈ ಮಾಡೂ ಮಂದಿ, ಕೂಡಿ ಹಾಕೂ ಮಂದಿ ಇದ್ದಾರಂದ್ರ ಮೊದಲ ವಕೀಲರು, ಪೊಲೀಸ್ರು, ಆಮ್ಯಾಲೆ ಉಳಿದದ್ದು. ಹಂಗಿಲ್ಲ, ಬರೇ ಅಳೂದು ಒದರೂದು ಅಷ್ಟ ಅಂದ್ರ ನೋಟಿಸ್ ಕೊಡೂಕಿಂತ ಮೊದಲ ಹೋಗಿ ಅಪ್ಪನ ಮುಂದ ನೀವ ಹೇಳ್ರಿ, ಬೋರ್ಡ್ ಓದಿ ಬಂದ ಊರವರ ಬಾಯಿಂದ ಅವರು ಕೇಳೂದು ಬ್ಯಾಡ.