ಮ್ಯಾನ್ಮಾರ್ ತೊಗರಿಗೆ ಆಮದು ಮಿತಿ ತೆಗೆದರೆ ಕಲಬುರಗಿಯಲ್ಲಿ ದರ ಏಕೆ ಇಳಿಯುತ್ತದೆ?

ಆಮದಿನ ಮೇಲಿನ ಮಿತಿಯು ಇಲ್ಲಿನ ದರಕ್ಕೆ ಆಸರೆಯಾಗಿರುತ್ತದೆ. ಮಿತಿ ಹೋದರೆ ಆ ಆಸರೆಯೂ ತಪ್ಪುತ್ತದೆ. ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಕೊಳ್ಳುವವರು, ವ್ಯಾಪಾರಸ್ಥರು ‘ಲೆಮನ್’ ಎಂದು ಕರೆಯುವ ಮ್ಯಾನ್ಮಾರ್ ತೊಗರಿ ಚೆನ್ನೈ ಬಂದರಿನಲ್ಲಿ ಕ್ವಿಂಟಲಿಗೆ ಎಷ್ಟಕ್ಕೆ ಬೀಳುತ್ತದೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡೇ ದರ ಹೇಳುವುದರಿಂದ, ಹಡಗು ಬರುವ ಮೊದಲೇ, ಬರಲಿದೆ ಎಂಬ ನಿರೀಕ್ಷೆಯಿಂದಲೇ ದರ ಕುಸಿಯಬಹುದು. 2017ರಲ್ಲಿ ಕೇಂದ್ರ ಸರ್ಕಾರ ವಿಧಿಸಿದ್ದ ವಾರ್ಷಿಕ ಮಿತಿಯನ್ನು 2021ರ ಮೇ ತಿಂಗಳಲ್ಲಿ ತೆಗೆಯಲಾಯಿತು.

ಇದರಿಂದ ನಗರದ ಗ್ರಾಹಕರಿಗೆ ಬೇಳೆ ಅಗ್ಗವಾಗುತ್ತದೆ, ನಿಜ. ಆದರೆ ಜೂನ್‌–ಜುಲೈನಲ್ಲಿ ಮಳೆ ನಂಬಿ ಬಿತ್ತಿ, ಡಿಸೆಂಬರ್‌–ಜನವರಿಯಲ್ಲಿ ರಾಶಿ ಮಾಡಿದೊಡನೆ ಸಾಲ ತೀರಿಸಲು ಮಾರಲೇಬೇಕಾದ ರೈತರಿಗೆ ಕಾಯುವ ಶಕ್ತಿ ಇರುವುದಿಲ್ಲ. ಆದ್ದರಿಂದ ಸುಗ್ಗಿಯ ಆ ತಿಂಗಳುಗಳಲ್ಲಾದರೂ ಆಮದಿಗೆ ತಡೆ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲದಿದ್ದರೆ ಅವರು ಹತ್ತಿಯ ಕಡೆಗೆ ಹೊರಳಿ, ಮರುವರ್ಷ ಬೇಳೆಗಾಗಿ ಹೊರದೇಶದ ಅವಲಂಬನೆ ಇನ್ನಷ್ಟು ಹೆಚ್ಚುತ್ತದೆ.