ಇಮೊರಿಗೆ ಕಣ್ಣು ಕಾಣಲ್ವಾ?

ಪ್ರಶ್ನೆ: ಮೇಡಂ, ನಾವು ಒಸಾಕಾದಲ್ಲಿದ್ದೇವೆ. ಎಂಟು ವರ್ಷದ ಮಗ ಹಟ ಹಿಡಿದ ಅಂತ ಕೆಂಪು ಹೊಟ್ಟೆಯ ಎರಡು ಇಮೊರಿ (ನ್ಯೂಟ್) ತಂದೆವು. ಊರಿಂದ ಬಂದಿರುವ ನಮ್ಮತ್ತೆ ‘ಹಲ್ಲಿ ಯಾರಾದ್ರೂ ಸಾಕ್ತಾರಾ’ ಅಂತ ದಿನಾ ಗೊಣಗುತ್ತಾರೆ. ಊಟ ಮೂತಿಯ ಮುಂದೆಯೇ ಬಿದ್ದಿದ್ದರೂ ಅವು ಸುಮ್ನೆ ಇರುತ್ತವೆ. ಕರೆದರೆ ತಿರುಗುವುದಿಲ್ಲ. ಮೊನ್ನೆ ಒಂದು ಇನ್ನೊಂದರ ಕಾಲನ್ನೇ ಕಚ್ಚಿ ಹಿಡಿದಿತ್ತು, ಮಗ ಅತ್ತುಬಿಟ್ಟ. ಇವಕ್ಕೆ ಕಣ್ಣು, ಕಿವಿ ಸರಿ ಇಲ್ವಾ?
– ಒಬ್ಬ ಓದುಗರು, ಒಸಾಕಾ

ಉತ್ತರ: ಮೊದಲು ಅತ್ತೆಯವರಿಗೆ ಹೇಳಿ, ಇದು ಹಲ್ಲಿ ಅಲ್ಲ, ಕಪ್ಪೆಯ ನೆಂಟ. ಮೈಮೇಲೆ ಹುರುಪೆ ಇಲ್ಲ, ಬೆರಳಿಗೆ ಉಗುರಿಲ್ಲ. ಜಪಾನಿನಲ್ಲಿ ಮನೆಹಲ್ಲಿಗೆ ಯಾಮೊರಿ ಅಂತಾರೆ, ಅಂದರೆ ಮನೆ ಕಾಯುವವ. ಇಮೊರಿ ಅಂದರೆ ಬಾವಿ ಕಾಯುವವ. ಎಷ್ಟು ಚೆಂದದ ಹೆಸರು, ಅಲ್ವಾ? ನಗೋಯಾದಲ್ಲಿದ್ದಾಗ ನಾನೂ ಮೂರು ಸಾಕಿದ್ದೆ.

ನಿಮ್ಮ ಇಮೊರಿಗಳ ಕಣ್ಣು ಚೆನ್ನಾಗಿದೆ. ಆದರೆ ಆ ಕಣ್ಣು ಹಿಡಿಯುವುದು ಮುಖ್ಯವಾಗಿ ಅಲುಗಾಟವನ್ನು. ಸುಮ್ಮನೆ ಬಿದ್ದ ಹುಳ ಅದಕ್ಕೆ ಕಲ್ಲಿನ ಹಾಗೆ. ಫ್ರೀಜರಿನ ಕೆಂಪು ಹುಳುವನ್ನು ಚಿಮಟದಲ್ಲಿ ಹಿಡಿದು ಮೆಲ್ಲಗೆ ಆಡಿಸಿ ನೋಡಿ. ಇಮೊರಿ ಮೊದಲು ನಿಂತುಬಿಡುತ್ತದೆ. ಗಂಟಲಿನ ಚರ್ಮ ಪಟಪಟ ಬಡಿಯತೊಡಗುತ್ತದೆ. ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬರುತ್ತದೆ, ಮೂತಿ ತಾಗುವಷ್ಟು ಬಂದು ಮತ್ತೆ ನಿಲ್ಲುತ್ತದೆ. ಆಮೇಲೆ ಗಬಕ್ಕನೆ ಬಾಯಿ! ಆ ನಿಂತ ಹೊತ್ತಿನಲ್ಲಿ ಅದು ವಾಸನೆ ನೋಡುತ್ತಿರುತ್ತದೆ.

ಕಾಲು ಕಚ್ಚಿದ್ದೂ ಇದರಿಂದಲೇ. ನೀರಿನ ತುಂಬ ಊಟದ ವಾಸನೆ, ಎದುರಿಗೆ ಏನೋ ಅಲುಗಾಡಿತು, ಹಿಡಿಯಿತು. ಜಗಳ ಅಲ್ಲ. ಇನ್ನು ಮೇಲೆ ಎರಡಕ್ಕೂ ಬೇರೆ ಬೇರೆ ಮೂಲೆಯಲ್ಲಿ ಊಟ ಕೊಡಿ. ಬೆರಳು ತುಂಡಾಗಿದ್ದರೂ ಮಗನಿಗೆ ಧೈರ್ಯ ಹೇಳಿ, ನಿಧಾನವಾಗಿ ಮತ್ತೆ ಬೆಳೆಯುತ್ತದೆ. ಕಣ್ಣಿನ ಮಸೂರವೂ ಬೆಳೆಯುತ್ತದೆ! ವಿಜ್ಞಾನಿಗಳು ಇದೇ ಜಾತಿಯ ಇಮೊರಿಗಳ ಮಸೂರವನ್ನು 16 ವರ್ಷಗಳಲ್ಲಿ 18 ಸಲ ತೆಗೆದರು, ಪ್ರತಿ ಸಲವೂ ಹೊಸದು ಬಂತು ಅಂತ 2011ರಲ್ಲಿ ವರದಿ ಮಾಡಿದರು. ಓದುವಾಗ ಬೆರಗಾದರೂ ಆ ಜೀವಗಳನ್ನು ನೆನೆದು ನನಗೆ ಸಂಕಟವೂ ಆಯಿತು.

ಕರೆದರೆ ತಿರುಗುವುದಿಲ್ಲ, ನಿಜ. ಹೊರಕಿವಿಯೂ ಇಲ್ಲ, ಕಿವಿತಮಟೆಯೂ ಇಲ್ಲ. ಆದರೆ ನಡುಕ ಗೊತ್ತಾಗುತ್ತದೆ. ಮೀನಿನ ಹಾಗೆ ನೀರಿನ ಚಲನೆಯನ್ನು ಹಿಡಿಯುವ ಸಣ್ಣ ಸಣ್ಣ ಅಂಗಗಳು ಚರ್ಮದಲ್ಲಿವೆ. ಆದ್ದರಿಂದ ಗಾಜು ತಟ್ಟಬೇಡಿ, ಟಿವಿ ಪಕ್ಕ ತೊಟ್ಟಿ ಇಡಬೇಡಿ.

ಮುಂದೊಂದು ದಿನ ಗಂಡು ಹೆಣ್ಣಿನ ಎದುರು ನಿಂತು, ಬಾಲ ಮಡಚಿ ನಡುಗಿಸುವುದು ಕಂಡರೆ ಮಗನನ್ನು ಕರೆದು ತೋರಿಸಿ. ತನ್ನ ವಾಸನೆಯನ್ನು ನೀರಿನಲ್ಲಿ ಅವಳ ಕಡೆಗೆ ಬೀಸುತ್ತಿರುತ್ತದೆ. ಆ ವಾಸನೆಯ ವಸ್ತುವಿಗೆ 1995ರಲ್ಲಿ ಸೋಡೆಫ್ರಿನ್ ಅಂತ ಹೆಸರಿಟ್ಟರು. ಹಳೆಯ ಜಪಾನೀ ಪದ್ಯವೊಂದರಲ್ಲಿ ಪ್ರೀತಿಸಿದವಳತ್ತ ಅಂಗಿಯ ತೋಳು ಬೀಸುವ ಮಾತಿದೆ, ಅಲ್ಲಿಂದ ಬಂದ ಹೆಸರು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತು. ನಾನು ಒಂದು ಆಗಸ್ಟಿನಲ್ಲಿ ಎಸಿ ಆರಿಸಿ ನಾಲ್ಕು ದಿನ ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಮೂರರಲ್ಲಿ ಒಂದು ಸತ್ತಿತ್ತು. ತಪ್ಪು ನನ್ನದೇ. ನೀರು 20 ಡಿಗ್ರಿ ಆಸುಪಾಸಿರಲಿ, 25 ದಾಟಬಾರದು. ಒಸಾಕಾದ ಸೆಕೆ ನಿಮಗೆ ಗೊತ್ತೇ ಇದೆ. ಇವನ್ನು ಜಾಸ್ತಿ ಮುಟ್ಟಲೂಬೇಡಿ, ನಮ್ಮ ಕೈಯ ಬಿಸಿಯೇ ಅವಕ್ಕೆ ಜಾಸ್ತಿ. ಇವುಗಳ ಚರ್ಮದಲ್ಲಿ ಫುಗು ಎಂಬ ವಿಷದ ಮೀನಿನಲ್ಲಿರುವ ವಿಷವೇ ಇದೆ. ಮುಟ್ಟಿದ ಕೈಯಲ್ಲಿ ಮಗ ಕಣ್ಣುಜ್ಜದಿರಲಿ, ಸೋಪು ಹಾಕಿ ತೊಳೆಯಲಿ.

ತೊಟ್ಟಿಯ ಮುಚ್ಚಳ ಇವತ್ತೇ ನೋಡಿ. ಒದ್ದೆ ಗಾಜನ್ನು ಇವು ಸಲೀಸಾಗಿ ಹತ್ತುತ್ತವೆ.