ನಾಯಿಮರಿಗೆ ಭೇದಿ, ತುರಿಕೆ: ಮೊದಲು ಹಾಲು ನಿಲ್ಲಿಸಿ
ಮೂರು ತಿಂಗಳ ನಾಯಿಮರಿಗೆ ಹಾಲನ್ನ ಹಾಕಿದಾಗೆಲ್ಲ ಭೇದಿ, ಹೊಟ್ಟೆಯಡಿ ತುರಿಕೆಯೂ ಇದೆ ಅಂದಿದ್ದೀರಿ. ಬಹುಶಃ ಹಸುವಿನ ಹಾಲೇ ಕಾರಣ. ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಎಷ್ಟೋ ಮರಿಗಳಿಗೆ ಅರಗುವುದಿಲ್ಲ. ಆದರೆ ತುರಿಕೆಗೂ ಆಹಾರವೇ ಕಾರಣ ಅಂತ ಈಗಲೇ ಹೇಳಲಾಗದು. ನಿಮ್ಮ ತೀರ್ಥಹಳ್ಳಿ ಮಳೆಯಲ್ಲಿ ಉಣುಗು, ಚಿಗಟ, ಮರಿ ಮಲಗುವ ಒದ್ದೆ ಗೋಣಿಚೀಲ ಯಾವುದೂ ಇರಬಹುದು. ಕಿವಿ, ಬೆರಳ ಸಂದಿ ಬಿಡಿಸಿ ನೋಡಿ.

ಹಾಲು, ಬಿಸ್ಕತ್ತು ಇವತ್ತೇ ಬಂದ್. ಎರಡು ದಿನ ಮೆತ್ತಗಿನ ಅನ್ನ ಎರಡು ಪಾಲು, ಚರ್ಮ-ಎಲುಬು ತೆಗೆದು ಬೇಯಿಸಿದ ಕೋಳಿ ಒಂದು ಪಾಲು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕೊಡಿ. ಉಪ್ಪು, ಈರುಳ್ಳಿ, ಮಸಾಲೆ ಬೇಡ. ಇದನ್ನೇ ವಾರಗಟ್ಟಲೆ ಎಳೆಯಬೇಡಿ, ಕ್ಯಾಲ್ಸಿಯಂ ಸಾಲದೆ ಮೂಳೆ ಸೊಟ್ಟಗಾಗುತ್ತೆ.

ಮಲ ಗಟ್ಟಿಯಾದ ಮೇಲೆ ಮೀನು ಅಥವಾ ಕುರಿ, ಒಂದೇ ಮಾಂಸವಿರುವ ಪಪ್ಪಿ ಫುಡ್ ಶುರುಮಾಡಿ. ಅನ್ನ-ಕೋಳಿ ಜೊತೆ ಬೆರೆಸಿ ಎರಡು ದಿನ ಕಾಲು ಪಾಲು, ಎರಡು ದಿನ ಅರ್ಧ, ಎರಡು ದಿನ ಮುಕ್ಕಾಲು, ಆಮೇಲೆ ಪೂರ್ತಿ. ಪ್ಯಾಕೆಟ್ ಮುಂದೆ ದೊಡ್ಡದಾಗಿ ‘ಕುರಿ’ ಅಂತಿದ್ದರೂ ಒಳಗೆ ಕೋಳಿ ಸೇರಿರಬಹುದು, ಹಿಂದಿನ ಪಟ್ಟಿ ಓದಿ. ತುರಿಕೆಗೆ ಆಹಾರ ಕಾರಣವೋ ಅಂತ ತಿಳಿಯಬೇಕಾದರೆ ಅಲ್ಲಿಂದ ಎಂಟು ವಾರ ಬೇರೆ ತುತ್ತು ಬೀಳಬಾರದು. ಅಜ್ಜಿ ಕದ್ದು ಹಾಕುವ ದೋಸೆಯೂ ಲೆಕ್ಕವೇ. ಚಿಕ್ಕ ಚೀಲ ಕೊಂಡು ಬಿಗಿ ಡಬ್ಬಿಯಲ್ಲಿಡಿ, ಈ ಥಂಡಿಗೆ ಬೂಷ್ಟು ಹಿಡಿಯುತ್ತೆ.

ಜಂತುಹುಳದ ಔಷಧಿ ತೂಕ ನೋಡಿಸಿಯೇ ಹಾಕಿಸಿ. ಮಲದಲ್ಲಿ ರಕ್ತ, ವಾಂತಿ, ಮಂಕು ಕಂಡರೆ ಪಾರ್ವೋ ಎಂಬ ಮಾರಕ ವೈರಸ್ ರೋಗ ಇರಬಹುದು. ಅನ್ನ-ಕೋಳಿ ನೋಡುತ್ತ ಕೂರದೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ.